ಕೆಲ್ವಿನ್‌ನ ಫೋಟೊ ಕದ್ದವರು ಯಾರು?

ಅಕ್ಟೋಬರ್ ಹತ್ತೊಂಬತ್ತರಂದು ಗ್ವಾವ್ ಊರಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಹಿಂದೊಮ್ಮೆ ಸೈನಿಕರು ಪ್ರಧಾನಿಯನ್ನು ಕೋಟೆಯಲ್ಲಿ ನಿಲ್ಲಿಸಿ ಗುಂಡಿಟ್ಟು ಕೊಂದ ದಿನಕ್ಕೆ ದ್ವೀಪದೇಶ ಗ್ರೆನಡಾದಲ್ಲಿ ಈಗ ರಜೆ. ಬಟ್ಟೆ ಹೊಲಿಯುವ ಸೆಲ್ಮಾ ಬಾಗಿಲು ತೆರೆಯುವಷ್ಟರಲ್ಲಿ ಮುದುಕಿ ಯೂನಿಸ್ ಬರಿಗಾಲಲ್ಲೇ ಓಡಿಬಂದಳು.

“ಅಗಸ್ಟಾನ ಕರಿಯೇ ಸೆಲ್ಮಾ! ನನ್ನ ಮಗನ್ನ ಎರಡನೇ ಸಲ ಕಳಕೊಂಡೆ!”

ಯೂನಿಸ್‌ಳ ಒಬ್ಬನೇ ಮಗ ಕೆಲ್ವಿನ್ ಆ ದಿನ ಕೋಟೆಯಲ್ಲಿ ಪ್ರಧಾನಿಯ ಪರ ಸೇರಿದ್ದ ಗುಂಪಿನಲ್ಲಿದ್ದ. ಹೆಣವೂ ಸಿಗಲಿಲ್ಲ. ನಲವತ್ತು ವರ್ಷಗಳಿಂದ ಅವಳಿಗೆ ಉಳಿದದ್ದು ಗೋಡೆಯ ಮೇಲಿನ ಫೋಟೊ ಒಂದೇ. ಇಗರ್ಜಿಗೆ ಹೋಗಿಬರುವಷ್ಟರಲ್ಲಿ ಅದೂ ಇಲ್ಲ.

ಅಗಸ್ಟಾ ಪಿಯರ್ ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಊರಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಅವಳಿಗೇ ಕರೆ. ಜೊತೆಗೆ ಸೆಲ್ಮಾ ಇರಲೇಬೇಕು. ಯೂನಿಸ್‌ಳ ಮನೆಯ ಮೇಜಿನ ಮೇಲೆ ಬೆಳ್ಳಿ ಚೌಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ಮುಖ ಮಾತ್ರ ಕಾಣುವಂತೆ ಮೊಟ್ಟೆಯಾಕಾರದ ಕಿಂಡಿ ಕೊರೆದ ಹಳೆಯ ರಟ್ಟೂ ಅಲ್ಲೇ ಇತ್ತು.

“ಇದನ್ನ ಯಾವತ್ತಾದ್ರೂ ಬಿಚ್ಚಿದ್ರಾ ಟಾಂಟಿ?” ಊರಿಗೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮನಾದ ಯೂನಿಸ್‌ಳನ್ನು ಅಗಸ್ಟಾ ಕೇಳಿದಳು.

“ಇಲ್ಲವ್ವ. ಫೋಟೊದವನು ಹೀಗೇ ಕಟ್ಟಿಕೊಟ್ಟ. ಇವತ್ತು ಟೀಚರಮ್ಮ ಬಿಚ್ಚೋಳಿದ್ಲು. ದೊಡ್ಡದು ಮಾಡಿಸಿ ಶಾಲೇಲಿ ತೂಗುಹಾಕ್ತಾರಂತೆ.”

ಹಿಂಬಾಗಿಲ ಬೀಗದ ಕೈ ಇದ್ದುದು ಮೂವರ ಬಳಿ. ಅಗಸ್ಟಾ ಮೂವರನ್ನೂ ಕರೆಸಿದಳು.

ಯೂನಿಸ್‌ಳ ಅಣ್ಣನ ಮಗ ಡೆಲ್ರಾಯ್ ರೇಗಿದ. “ನಾನಾಗಿದ್ರೆ ಬೆಳ್ಳೀನೇ ಒಯ್ತಿದ್ದೆ.”

“ಅದು ಊರಿಗೇ ಗೊತ್ತು ಬಿಡಪ್ಪ,” ಎಂದಳು ಸೆಲ್ಮಾ.

ಟೀಚರ್ ಜರ್ಲಿನ್ ಅಳುತ್ತಿದ್ದಳು. “ಹೇಗೂ ಇವತ್ತು ನನ್ನ ಕೈಗೇ ಕೊಡೋರಿದ್ರು.”

ಪಕ್ಕದ ಮನೆಯ ಹ್ಯೂಬರ್ಟ್ ಅರವತ್ತು ದಾಟಿದ ಬೆಸ್ತ. ಹದಿನೈದು ವರ್ಷದ ಹಿಂದೆ ಬೇರೆ ಊರಿನಿಂದ ಬಂದವನು. ಅಂದಿನಿಂದ ಯೂನಿಸ್‌ಳ ಸೂರು ಸೋರಿದರೆ ಅವನೇ, ಮೀನು ತಂದುಕೊಡುವುದಕ್ಕೂ ಅವನೇ. “ನಾನು ಆ ಹುಡುಗನ್ನ ಕಂಡವನೇ ಅಲ್ಲ,” ಎಂದ. “ದೋಣಿಗೆ ಒರಗಿ ನಿಂತ ಹುಡುಗನ ಫೋಟೊ ಯಾರಿಗೆ ಬೇಕಿತ್ತೋ!”

ಅಗಸ್ಟಾ ರಟ್ಟನ್ನು ಎತ್ತಿ ಹಿಡಿದಳು. “ಸೆಲ್ಮಾ, ಈ ಕಿಂಡೀಲಿ ಏನು ಕಾಣ್ತಿತ್ತು?”

“ಮುಖ. ಅಷ್ಟೇ.”

“ದೋಣಿ?”

ಸೆಲ್ಮಾ ಹ್ಯೂಬರ್ಟ್‌ನತ್ತ ತಿರುಗಿದಳು. ಆ ಫೋಟೊವನ್ನು ಎಷ್ಟು ಸಲ ನೋಡಿದ್ದಳು, ದೋಣಿಯನ್ನು ಮಾತ್ರ ಕಂಡಿರಲಿಲ್ಲ.

“ಬೆಳ್ಳಿ ಬಿಟ್ಟುಹೋದವನಿಗೆ ದುಡ್ಡು ಬೇಕಿರಲಿಲ್ಲ,” ಎಂದಳು ಅಗಸ್ಟಾ. “ಕೈಗೇ ಬರೋದನ್ನ ಟೀಚರು ಕದಿಯೋದ್ಯಾಕೆ? ಕದ್ದಿದ್ದು ಇವತ್ತೇ ಯಾಕೆ? ಇವತ್ತು ರಟ್ಟು ತೆಗೀತಾರೆ, ಅದರ ಹಿಂದೆ ಮುಚ್ಚಿಹೋಗಿದ್ದು ಊರಿಗೆಲ್ಲ ಕಾಣುತ್ತೆ. ದೋಣಿ ಇರೋದು ಗೊತ್ತಿದ್ದದ್ದು ಫೋಟೊ ತೆಗೆದ ದಿನ ಅದರ ಪಕ್ಕ ನಿಂತವನಿಗೆ. ಅಲ್ವಾ ಹ್ಯೂಬರ್ಟ್?”

ಹ್ಯೂಬರ್ಟ್ ಅಂಗಿಯೊಳಗಿಂದ ಫೋಟೊ ತೆಗೆದು ಮೇಜಿನ ಮೇಲಿಟ್ಟ. ಕೆಲ್ವಿನ್ ನಗುತ್ತಿದ್ದ. ಅವನ ಹೆಗಲ ಮೇಲೆ ಕೈಹಾಕಿ ನಿಂತಿದ್ದವನ ಮೈಮೇಲೆ ಸೈನಿಕನ ಉಡುಪಿತ್ತು. ಮುಖ ಹ್ಯೂಬರ್ಟ್‌ನದೇ.

“ಸುಟ್ಟುಬಿಡೋಣ ಅಂತ ಒಲೆ ಮುಂದೆ ಕೂತೆ. ಕೈ ಬರಲಿಲ್ಲ.” ಅವನು ಫೋಟೊವನ್ನು ಯೂನಿಸ್‌ಳತ್ತ ಸರಿಸಿದ. “ಅವತ್ತು ಕೋಟೇಲಿ ನಾನಿದ್ದೆ ಅಮ್ಮ. ಗುಂಡು ಹಾರಿಸಲಿಲ್ಲ. ತಡೀಲೂ ಇಲ್ಲ.”

ಡೆಲ್ರಾಯ್ ಅವನ ಕೊರಳಪಟ್ಟಿಗೆ ಕೈಹಾಕಿದ. ಯೂನಿಸ್ ಬಿಡಿಸಿದಳು. ಕುರ್ಚಿ ಎಳೆದಳು.

“ನನ್ನ ಮಗನ್ನ ಕೊನೇಲಿ ಕಂಡವರು ಯಾರೂ ಈ ಮನೆಗೆ ಬಂದಿರಲಿಲ್ಲ. ಕೂತ್ಕೋ. ಅವತ್ತು ಬೆಳಿಗ್ಗೆಯಿಂದ ಹೇಳು. ಯಾವ ಅಂಗಿ ಹಾಕಿದ್ದ?”

ಹ್ಯೂಬರ್ಟ್ ಕುರ್ಚಿಯ ಅಂಚಿನಲ್ಲಿ ಕೂತ.

“ಹಳದಿ,” ಎಂದ.