ಮೂರು ಸೆಕೆಂಡ್ ಮುಂದೆ

ಪುಣೆಯ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಉಪಗ್ರಹದಿಂದ ನಿಖರ ವೇಳೆ ಪಡೆಯುವ ಯಂತ್ರ ಬಂದದ್ದು ೧೯೯೯ರಲ್ಲಿ. ನನ್ನ ಜೊತೆಗಿದ್ದ ಗೂಳಪ್ಪನವರು ಮಾತ್ರ ತಮ್ಮ ಕೈಗಡಿಯಾರವನ್ನೇ ನಂಬುತ್ತಿದ್ದರು. ‘ನಿಮ್ಮ ಉಪಗ್ರಹ ಮೂರು ಸೆಕೆಂಡ್ ಹಿಂದ ಅದರಿ,’ ಎನ್ನುವರು. ದಿನಾ ಬೆಳಿಗ್ಗೆ ತಮ್ಮ ಕೈಗಡಿಯಾರದಲ್ಲಿ ಹತ್ತಾದ ಕೂಡಲೇ ಮನೆಗೆ ಫೋನ್ ಮಾಡಿ, ‘ಹತ್ತಾತು, ಗಡಿಯಾರಕ್ಕ ಕೀಲಿ ಕೊಡು,’ ಎಂದು ಹೆಂಡತಿಗೆ ಹೇಳುವರು. ಆ ದನಿ ಕೇಳದೆ ನಮಗೆ ಬೆಳಗಾಗುತ್ತಿರಲಿಲ್ಲ.

ಅವರು ತೀರಿಹೋದ ತಿಂಗಳಿಗೆ ಅವರ ಹೆಂಡತಿ ಭೀಮವ್ವನವರನ್ನು ಮಾತಾಡಿಸಲು ಹೋದೆ. ಫೋನ್ ರಿಂಗಾಯಿತು. ನಾನೇ ಎತ್ತಿದೆ. ಮೇ ತಿಂಗಳಲ್ಲೂ ರಿಸೀವರ್ ನಮ್ಮ ಎಕ್ಸ್‌ಚೇಂಜಿನ ಏಸಿ ಕೋಣೆಯ ಯಂತ್ರದಂತೆ ತಣ್ಣಗಿತ್ತು, ಆ ಕಡೆಯಿಂದ ಯಾರೂ ಮಾತಾಡಲಿಲ್ಲ.

‘ಇಡ್ರಿ ಅಣ್ಣಾ, ದಿನಾ ಬರತದ,’ ಎಂದು ಭೀಮವ್ವ ಎದ್ದು ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟರು.

ನನ್ನ ಕೈಗಡಿಯಾರವನ್ನು ಅಂದು ಬೆಳಿಗ್ಗೆಯೇ ಆ ಉಪಗ್ರಹದ ಯಂತ್ರಕ್ಕೆ ಸರಿಹೊಂದಿಸಿದ್ದೆ. ಫೋನ್ ರಿಂಗಾದಾಗ ಅದರಲ್ಲಿ ಹತ್ತಕ್ಕೆ ಇನ್ನೂ ಮೂರು ಸೆಕೆಂಡ್ ಬಾಕಿ ಇತ್ತು.