ಕೆಂಪು ಗುರುತಿನ ಎದುರು ಆಡಿದ ಮಾತು

“ಆ ಕೆಂಪು ಗುರುತು ಉರಿಯುವಾಗ ಬಾಯಿ ಬಿಡ್ಬೇಡಿ ಅಣ್ಣಾ. ಆಗ ಆಡಿದ ಮಾತು ಮತ್ತೆ ನಿಮ್ಮ ಬಾಯಿಗೆ ಬರಲ್ಲ.”

ಕಸ ಗುಡಿಸುವ ಹೆಂಗಸು ಇಷ್ಟು ಹೇಳಿ, ರೆಕಾರ್ಡಿಂಗ್ ಕೋಣೆಯ ಹೊಸ್ತಿಲಾಚೆಯೇ ನಿಂತಳು. ಇಲ್ಲಿ ಮೈಕಿಗೆ ಕತೆಪುಸ್ತಕ ಓದುತ್ತಿದ್ದವಳೊಬ್ಬಳ ಅಳುವನ್ನು ಸ್ಟುಡಿಯೋ ಯಜಮಾನ ಕದ್ದು ರೆಕಾರ್ಡ್ ಮಾಡಿ, ಎಲ್ಲರಿಗೂ ಕೇಳಿಸಿ ನಕ್ಕಿದ್ದನಂತೆ. ಅವಳು ಮಾಟ ಮಾಡಿಸಿಟ್ಟು ಹೋದಳಂತೆ. ಯಜಮಾನ ಈಗ ಏನು ಬೇಕಾದರೂ ಚೀಟಿ ಬರೆದೇ ಕೊಡುವುದು.

ಕಂಪ್ಯೂಟರ್ ರಿಪೇರಿಯವನು ನಕ್ಕ. “ನನ್ನ ಅಡ್ಡಹೆಸರೇ ಬಾಯಿಬಡುಕ ಅಕ್ಕಾ. ಎಷ್ಟು ಬೇಕೋ ತಗೊಳ್ಳಲಿ, ಖಾಲಿ ಆಗಲ್ಲ.”

ಆ ಬಾಯಿಗಾಗಿ ಮನೆಯಲ್ಲಿ ಕಾಯುವವಳಿದ್ದಳು. ಕಣ್ಣು ಕಾಣದ ತಾಯಿ. ಕಳ್ಳನೊಬ್ಬ ಮಗನ ಹಾಗೆ ಬಾಗಿಲು ಬಡಿದು ನುಗ್ಗಿದಂದಿನಿಂದ, ಮಗನ ಮಾತು ಕೇಳದೆ ಅವಳು ಚಿಲಕ ತೆಗೆಯುತ್ತಿರಲಿಲ್ಲ.

ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಕಪ್ಪು ಸ್ಪಂಜು. ಹಾಡುಹಗಲಲ್ಲೂ ಪಾಳುಬಾವಿಯ ಕತ್ತಲೆ. ಲಿನಕ್ಸ್ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ, ಮೈಕ್ ಕೇಳಿಸಿಕೊಳ್ಳುತ್ತಿದೆ ಎನ್ನುವ ಕೆಂಪು ಗುರುತು ತಾನಾಗಿ ಮೂಡಿತು, ಮಾಯವಾಯಿತು. ಯಾವ ಪ್ರೋಗ್ರಾಂ ಮೈಕ್ ಬಳಸುತ್ತಿದೆಯೆಂದು ಹುಡುಕಿದ. ಪಟ್ಟಿ ಖಾಲಿ. ಕಂಪ್ಯೂಟರಿನ ಧ್ವನಿ ನಡೆಸುವ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದ. ಗುರುತು ಹೋಯಿತು. ಐದು ನಿಮಿಷಕ್ಕೆ ಮತ್ತೆ ಬಂತು.

ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಅದನ್ನು ಕರೆದು ಕೂರಿಸಬೇಕು, ಅವನ ಕಸುಬಿನ ರೀತಿಯೇ ಅದು. ಮೈಕಿನ ಮುಂದೆ ಮಾತಾಡುತ್ತ ಕೂತ. ಒಂದರಿಂದ ನೂರು ಎಣಿಸಿದ. ಬಸ್ಸಿನ ಜಗಳ ಹೇಳಿದ. ಗುಡಿಸುವ ಅಕ್ಕನನ್ನು ಕರೆಕರೆದು ರೇಗಿಸಿದ. ಬಾಡಿಗೆ ಮನೆಯ ಪುರಾಣ ಬಿಚ್ಚಿದ. ಎರಡು ತಾಸು. ಗುರುತು ಈಗ ಹೋಗಲೇ ಇಲ್ಲ. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ.

ಮೈಕಿನ ವೈರ್ ಕಿತ್ತ. ಗುರುತು ಉರಿಯುತ್ತಲೇ ಇತ್ತು.

ಮೈಕಿನ ಸ್ಪಂಜು ಕಳಚಿದ. ಒಳಗೆ ಕೂದಲ ಗಂಟು, ತುಂಬ ಸೂಜಿ. ಗಂಟು ಬೆಚ್ಚಗಿತ್ತು. ಒದ್ದೆಯಿತ್ತು. ನಾಲಿಗೆಯ ಹಾಗೆ.

ಅಕ್ಕನನ್ನು ಕೂಗಹೋದ. ಬಾಯಿಂದ ಬರೀ ಗಾಳಿ. ಒಂದು, ಎರಡು ಎನ್ನಹೋದ. ಗಾಳಿ. ಸ್ಪೀಕರಿನಲ್ಲಿ ಅವನದೇ ದನಿ ಎಣಿಸತೊಡಗಿತು. ನಿಧಾನವಾಗಿ. ನಗುನಗುತ್ತ.

ಜೇಬಿನ ಫೋನ್ ಬಡಿದುಕೊಂಡಿತು. ತಾಯಿ. ಅವಳನ್ನು ಕರೆಯುವ ಆ ಒಂದು ಮಾತನ್ನು ಅವನು ಇಲ್ಲಿನ್ನೂ ಆಡಿರಲಿಲ್ಲ. ಅದು ನಾಲಿಗೆಯ ತುದಿಗೆ ಬಂತು. ಗುರುತು ಹಿಗ್ಗಿತು. ಪರದೆಯೆಲ್ಲ ಕೆಂಪಾಯಿತು. ಸ್ಪೀಕರ್ ಸುಮ್ಮನಾಯಿತು, ಹೊಂಚುವವರ ಹಾಗೆ. ಅವನು ನಾಲಿಗೆ ಕಚ್ಚಿದ. ರಕ್ತ. ಬಾಗಿಲು. ಮೆಟ್ಟಿಲು. ಬಿಸಿಲು. ಓಡಿದ.

ಮನೆಯ ಬಾಗಿಲು ಬಡಿದ.

“ಯಾರದು?”

“ಅಮ್ಮಾ.” ಬಂತು. ಕಚ್ಚಿದ ನಾಲಿಗೆಯಲ್ಲಿ ತೊದಲಿದರೂ ಬಂತು. ಅವನ ಕಣ್ಣು ತುಂಬಿತು.

ಚಿಲಕದ ಮೇಲೆ ಕೈ ತಡಕಾಡಿದ ಸದ್ದು. “ಯಾಕೋ, ಇಷ್ಟು ಬೇಗ ಬಂದೆ?”

“ಅಮ್ಮಾ.”

“ದನಿ ಯಾಕೆ ಹಿಂಗಾಗಿದೆ? ಏನಾಯ್ತು ಹೇಳೋ.”

“ಅಮ್ಮಾ.”

ಕೈ ನಿಂತಿತು. ಒಳಗೆ ಹೆಜ್ಜೆಯೊಂದು ಹಿಂದೆ ಸರಿಯಿತು.

“ಅಮ್ಮ ಅಂತ ಯಾರು ಬೇಕಾದ್ರೂ ಕರೀಬಹುದು. ನನ್ನ ಮಗ ಬಾಗಿಲಲ್ಲೇ ದಿನದ ಕತೆಯೆಲ್ಲ ಹೇಳೋನು. ಬೇರೆ ಏನಾದ್ರೂ ಮಾತಾಡಪ್ಪ.”

ಅವನು ಬಾಯಿ ತೆರೆದ.

ಒಳಗೆ ಕೆಳಗಿನ ಚಿಲಕವೂ ಬಿತ್ತು.