ಎಡಕ್ಕೆಳೆಯುವ ಗಾಡಿ

"ಇನ್ನೂ ಆಗಿಲ್ಲೇನು?"

ಗುರುಬಾಯಿ ಚಹಾದ ಕಪ್ಪನ್ನು ಗಾಡಿಯ ಮಡ್‌ಗಾರ್ಡಿನ ಮೇಲೆ ಟಕ್ಕನೆ ಇಟ್ಟಳು. ಗಾಡಿಯ ಕೆಳಗಿನಿಂದ ಕಾಶಪ್ಪನ ಕಾಲುಗಳಷ್ಟೇ ಕಾಣುತ್ತಿದ್ದವು.

"ಒಂದು ಬುಶ್ ಬಾಕಿ ಐತಿ," ಎಂದಿತು ಕೆಳಗಿನ ದನಿ.

"ನಿನ್ನೆನೂ ಒಂದ ಬಾಕಿ ಇತ್ತು."

ಎರಡೇ ಸೀಟಿನ ಆ ಕೆಂಪು ಸ್ಪೋರ್ಟ್ಸ್ ಕಾರು ಮೊದಲು ಸರದಾರರೊಬ್ಬರದಾಗಿತ್ತು. ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿ ದರ್ಬಾರು ಮುಗಿದ ಮೇಲೆ, ಬನಹಟ್ಟಿಯ ಸೀರೆ ವ್ಯಾಪಾರಿ ಬಸಗೊಂಡಪ್ಪ ಅದನ್ನು ಕೊಂಡು ತಂದ. ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಗಾಲಿ ಹೊರಳಿಸುವ ಕಿಂಗ್ ಪಿನ್ನು ಸವೆದು ಮುಂದಿನ ಗಾಲಿಗಳು ಗಡಗಡ ನಡುಗುತ್ತಿದ್ದವು. ಎಡಗಡೆಯ ಸ್ಪ್ರಿಂಗಿನ ಪಾಟಾ ಕುಸಿದು ಗಾಡಿ ಸದಾ ಎಡಕ್ಕೆ ಎಳೆಯುತ್ತಿತ್ತು. ಬಸಗೊಂಡಪ್ಪನಿಗೆ ಅದು ದೊಡ್ಡ ಮಾತೇ ಅಲ್ಲ. ಸ್ಟಿಯರಿಂಗನ್ನು ಬಲಕ್ಕೆ ಬಿಗಿಹಿಡಿದೇ ವರ್ಷಗಟ್ಟಲೆ ಓಡಿಸಿದ.

ಈಗ ರಿಪೇರಿಗೆ ಕಾರಣ ಬೇರೆ. ಗುರುವಾರ ಅವನು ಮುಧೋಳಕ್ಕೆ ಹೋಗಿ, ಅಲ್ಲಿಯ ಅರಿವೆ ಅಂಗಡಿಯವರ ಮಗನಿಗೆ ಮಗಳು ಗುರುಬಾಯಿಯನ್ನು ಕೊಡುವ ಮಾತು ಮುಗಿಸುವವನಿದ್ದ. ಬೀಗರ ಬಾಗಿಲಿಗೆ ನಡುಗುತ್ತ ಹೋದರೆ ಮರ್ಯಾದೆ ಏನಾದೀತು? ಅದಕ್ಕೇ ಮಗ್ಗ ಬಿಟ್ಟು ಗಾಡಿ ರಿಪೇರಿಯ ಪಾನಾ ಹಿಡಿದ ಓಣಿಯ ಹುಡುಗ ಕಾಶಪ್ಪನನ್ನು ಕರೆಸಿದ. ಮಗಳ ಮನಸ್ಸು ಆ ಹುಡುಗನಲ್ಲೇ ಇದೆಯೆಂದು ಅವನಿಗೇನು ಗೊತ್ತು!

"ಹೊರಗ ಬಾ. ನಿನ್ನ ಮಾರಿ ನೋಡಿ ಮಾತಾಡಬೇಕು."

ಕಾಶಪ್ಪ ಸರಿದು ಬಂದ. ಗಲ್ಲದ ಮೇಲೆ ಗ್ರೀಸು. ಅದನ್ನು ಒರೆಸಲೆಂದು ಅವಳ ಕೈ ಸೆರಗು ಹಿಡಿದು ಮುಂದೆ ಬಂತು, ಸಿಟ್ಟು ನೆನಪಾಗಿ ಅರ್ಧಕ್ಕೇ ಹಿಂದೆ ಹೋಯಿತು. ಅವನು ಎರಡನ್ನೂ ನೋಡಿ ನಕ್ಕ.

"ನಗಬ್ಯಾಡ. ನಾಳೆ ಗುರುವಾರ."

"ಗೊತ್ತೈತಿ. ಅದಕ್ಕ ಸಾವಕಾಶ ಮಾಡಾಕತ್ತೇನಿ. ಗಾಡಿ ತಯಾರಾಗಲಿಲ್ಲಂದ್ರ ನಿಮ್ಮಪ್ಪ ಹೋಗಂಗಿಲ್ಲ."

"ಇದ್ದಂಗ ಹೊಡಕೊಂಡು ಹೋಗ್ತಾನ! ನಮ್ಮಪ್ಪನ್ನ ನೀ ಕಂಡಿಲ್ಲೇನು? ಅರ್ಧ ದಾರ್ಯಾಗ ಗಾಲಿ ಕಳಚಿದ್ರ?" ಅವಳ ಕಣ್ಣು ತುಂಬಿತು. "ಪಿನ್ನು ಹಾಕು, ಬಿಗಿ ಹಾಕು. ಆದ್ರ ಅವನ ಮುಂದ ಬಾಯಿ ಬಿಡು. ನೀ ಹಿಂಗ ಗಾಡಿ ಕೆಳಗ ಅಡಗಿದ್ರ ನಾ ಮುಧೋಳದಾಕಿ ಆಗ್ತೇನಿ."

"ಮಗ್ಗ ಬಿಟ್ಟಾಂವ ಅಂತ ಬೈತಾನ, ಎಣ್ಣಿ ಕೈಯಾಂವ ಅಂತಾನ."

"ಬೈಸ್ಕೋ. ನನ್ನ ಸಲುವಾಗಿ ಅಷ್ಟೂ ಆಗಂಗಿಲ್ಲೇನು?"

ಅವಳು ತಿರುಗಿ ನೋಡದೆ ಹೋದಳು. ಕಾಶಪ್ಪನಿಗೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು. ಮುಂಬೈಯಿಂದ ಕುಡಚಿ ಸ್ಟೇಷನ್ನಿಗೆ ಪಾರ್ಸಲ್ ಬಂದಿದ್ದ ಹೊಸ ಪಿನ್ನು, ಬುಶ್‌ಗಳು ಸಂಜೆಯೊಳಗೆ ಕೂತವು, ಪಾಟಾ ಬದಲಾಯಿತು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎಳ್ಳಷ್ಟೂ ಅಲುಗಲಿಲ್ಲ. ಬಸಗೊಂಡಪ್ಪ ಬಂದು ಭೇಷ್ ಎಂದ. ಕಾಶಪ್ಪ ಪಾನಾಗಳನ್ನು ಒರೆಸಿ ಚೀಲಕ್ಕೆ ತುಂಬಿದ, ಹೇಳಬೇಕಾದ ಮಾತು ಹೇಳದೆಯೇ ಮನೆಗೆ ಹೋದ.

ಬೆಳಗಾಯಿತು. ಅಪ್ಪ ವ್ಯಾಪಾರಿಯಾದರೂ ಗುರುಬಾಯಿಯ ಮನೆಯಲ್ಲಿ ಮಗ್ಗ ನಿಂತಿರಲಿಲ್ಲ. ಮಗ್ಗಕ್ಕೇರಿಸುವ ಮುನ್ನ ನೂಲಿನ ಹಾಸನ್ನು ಓಣಿಯುದ್ದ ಕೋಲುಗಳ ಮೇಲೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಹಸಿ ಹಾಸನ್ನು ಯಾರೂ ತುಳಿಯುವುದಿಲ್ಲ, ದನವನ್ನೂ ದಾಟಿಸುವುದಿಲ್ಲ. ಅಂದು ಅಪ್ಪ ಸರಾಗವಾಗಿ ಹೊರಡಬಾರದೆಂದೇ ಗುರುಬಾಯಿ ಅವನ ಗಾಡಿಗೆ ಎಡಕ್ಕೊಂದು ಸಣ್ಣ ಸಂದು ಮಾತ್ರ ಬಿಟ್ಟು, ಬಲಕ್ಕೆಲ್ಲ ಹಾಸು ಕಟ್ಟಿದ್ದಳು. ಬಗ್ಗಿ ಕುಂಚ ಎಳೆಯುತ್ತಿದ್ದ ಅವಳ ಕಿವಿಯೆಲ್ಲ ಇಂಜಿನ್ನಿನ ಸದ್ದಿನ ಕಡೆಗೇ ಇತ್ತು.

ಬಸಗೊಂಡಪ್ಪ ಸ್ಟಿಯರಿಂಗ್ ಹಿಡಿದ. ಓಣಿ ದಾಟುವವರೆಗೆ ಗಾಡಿ ಹೇಗಿದೆ ನೋಡಲೆಂದು ಕಾಶಪ್ಪ ಪಕ್ಕದಲ್ಲಿ ಕೂತ. ಗಾಡಿ ನೆಟ್ಟಗೆ ಹೊರಟಿತು. ಆದರೆ ಬಸಗೊಂಡಪ್ಪನ ಕೈಗಳು ಹಳೆಯ ರೂಢಿಯಂತೆ ಬಲಕ್ಕೆ ಎಳೆದವು.

ಗಾಡಿ ಗುರುಬಾಯಿಯ ಕಡೆಗೇ ನುಗ್ಗಿತು.

"ಕೈ ಬಿಡ್ರೀ!"

ಕಾಶಪ್ಪ ಒಂದು ಕೈಯಲ್ಲಿ ಸ್ಟಿಯರಿಂಗ್ ಹೊರಳಿಸಿ ಇನ್ನೊಂದರಲ್ಲಿ ಹ್ಯಾಂಡ್ ಬ್ರೇಕು ಜಗ್ಗಿದ. ಪಕ್ಕದ ಮನೆಯ ಸುಂದರವ್ವ ಚೀರಿದಳು. ಗೇಣು ದೂರದಲ್ಲಿ ಗಾಲಿ ನಿಂತಿತು.

ಅವನು ಬಾಗಿಲು ತೆರೆಯದೇ ಹಾರಿ ಬಂದು ಗುರುಬಾಯಿಯ ಎರಡೂ ಭುಜ ಹಿಡಿದ. "ತಾಕಿತೇನ? ಎಲ್ಲಿ ತಾಕಿತು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ಅವನ ಮೇಲಿಂದ ಕದಲಲಿಲ್ಲ. ಓಣಿಯೆಲ್ಲ ನೋಡುತ್ತಿದೆಯೆಂದು ಹೊಳೆದಾಗ ಅವನೇ ಕೈ ತೆಗೆದ.

ಬಸಗೊಂಡಪ್ಪ ತನ್ನ ಕೈಗಳನ್ನು ನೋಡುತ್ತ ಕೂತಿದ್ದ. "ಗಾಡಿ ನೆಟ್ಟಗಾಗೇತಿ. ನನ್ನ ಕೈನ ಸೊಟ್ಟ ಉಳದಾವ," ಎಂದ. ಆಮೇಲೆ ಇಳಿದು, ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕೂತ. "ಕಾಶಪ್ಪ, ಮುಧೋಳಕ್ಕ ನೀನ ನಡಸು."

"ನಾ ನಡಸಂಗಿಲ್ರಿ."

"ಯಾಕ?"

ಗುರುಬಾಯಿ ಕುಂಚ ಕೆಳಗಿಟ್ಟಳು.

"ಬ್ಯಾರೆ ಎಲ್ಲಿಗಾದ್ರೂ ನಡಸ್ತೇನ್ರಿ. ಗುರುಬಾಯಿನ್ನ ಕೊಟ್ಟು ಬರಾಕ ನಡಸಂಗಿಲ್ಲ. ಆಕಿನ್ನ ನನಗ ಕೊಡ್ರಿ. ನಿನ್ನೆನ ಕೇಳಬೇಕಿತ್ತು, ಅಂಜಿದ್ನಿ."

ಬಸಗೊಂಡಪ್ಪ ಮಗಳತ್ತ ತಿರುಗಿದ. "ನಿಂದೇನವಾ?"

"ನಂದೂ ಅದ, ಅಪ್ಪಾ."

"ಇಂವ ಮಗ್ಗ ಬಿಟ್ಟಾಂವ."

"ನೀ ಬಿಟ್ಟು ಎಷ್ಟ ವರ್ಷ ಆತು?"

ಸುಂದರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸಗೊಂಡಪ್ಪ ಗೇಣು ದೂರದಲ್ಲಿ ನಿಂತ ಗಾಲಿಯನ್ನು ನೋಡಿದ, ಮಗಳನ್ನು ನೋಡಿದ.

"ಮುಧೋಳದಾಗ ಅವರು ಹಾದಿ ಕಾಯಾಕತ್ತಾರ," ಎಂದ ಕೊನೆಗೆ. "ಕೊಡೂದಿಲ್ಲ ಅಂತ ಹೇಳಾಕರ ಹೋಗಬೇಕಲ್ಲ. ಈಗರ ನಡಸ್ತೀಯೋ ಇಲ್ಲೋ?"

ಕಾಶಪ್ಪ ಹೋಗಿ ಸ್ಟಿಯರಿಂಗ್ ಹಿಡಿದು ಕೂತ. ಸುಂದರವ್ವ, ಗುರುಬಾಯಿ ಸೇರಿ ಕೋಲುಗಳನ್ನೆತ್ತಿ ಹಾಸನ್ನು ಗೋಡೆಯ ಕಡೆ ಸರಿಸಿದರು. ಗಾಡಿ ಮೆಲ್ಲಗೆ ಪಕ್ಕಕ್ಕೆ ಬಂದಾಗ ಗುರುಬಾಯಿ ಸೆರಗಿನ ತುದಿಯಿಂದ ಅವನ ಗಲ್ಲದ ಮೇಲೆ ನಿನ್ನೆಯಿಂದ ಉಳಿದಿದ್ದ ಗ್ರೀಸನ್ನು ಒರೆಸಿದಳು.

ಬಸಗೊಂಡಪ್ಪ ಅಷ್ಟು ಹೊತ್ತೂ ಆಚೆ ಮುಖ ಮಾಡಿ ಕೂತಿದ್ದ.